ಒರ್ಲಾಂಡೊದ ಅರ್ಧ ಬೆಲೆ ಟಿಕೆಟ್: ನಾನು ಮೋಸ ಹೋದೆ, ನೀವು ಹೋಗಬೇಡಿ

ಊರಿನಿಂದ ಬಂದ ಅಪ್ಪ ಅಮ್ಮನನ್ನು ಫ್ಲಾರಿಡಾದ ಒರ್ಲಾಂಡೊದ ಡಿಸ್ನಿ ಪಾರ್ಕಿಗೆ ಕರೆದುಕೊಂಡು ಹೋಗುವ ಯೋಚನೆಯಲ್ಲಿರುವವರು ದಯವಿಟ್ಟು ಇದನ್ನು ಓದಿ. ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ. ಹದಿನಾಲ್ಕು ವರ್ಷದಿಂದ ನ್ಯೂಜೆರ್ಸಿಯಲ್ಲಿದ್ದೇನೆ, ಬ್ಯಾಂಕುಗಳಿಗೆ ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯುತ್ತೇನೆ, ನೆಂಟರಲ್ಲಿ ಯಾರಾದರೂ ಓಟಿಪಿ ಕೊಟ್ಟು ಹಣ ಕಳೆದುಕೊಂಡರೆ ಫೋನಿನಲ್ಲಿ ಅರ್ಧ ಗಂಟೆ ಬುದ್ಧಿ ಹೇಳುವವನೂ ನಾನೇ. ಅಂಥ ನಾನು ಹೆದ್ದಾರಿ ಪಕ್ಕದ ಒಂದು ಟಿಕೆಟ್ ಅಂಗಡಿಯಲ್ಲಿ 350 ಡಾಲರ್ ಕೊಟ್ಟು ಟೋಪಿ ಹಾಕಿಸಿಕೊಂಡು ಬಂದೆ.

2025ರ ಆಗಸ್ಟ್ ಕೊನೆಯ ವಾರದ ಮಾತು. ಫ್ಲಾರಿಡಾದ ಶಾಲೆಗಳು ಆಗಸ್ಟ್ ಎರಡನೇ ವಾರಕ್ಕೇ ಶುರುವಾಗುತ್ತವೆ, ನಮ್ಮ ಕಡೆ ಸೆಪ್ಟೆಂಬರ್‌ವರೆಗೆ ರಜೆ. ಹಾಗಾಗಿ ಆ ವಾರ ಪಾರ್ಕ್ ಖಾಲಿ ಇರುತ್ತದೆ ಎಂದು ಲೆಕ್ಕ ಹಾಕಿ ಹೊರಟಿದ್ದೆವು. ನಾನು, ಹೆಂಡತಿ, ಎಂಟು ವರ್ಷದ ಮಗಳು, ಶಿವಮೊಗ್ಗದಿಂದ ಬಂದಿದ್ದ ಅಪ್ಪ, ಅಮ್ಮ. ಡಿಸ್ನಿಯವರ ಮ್ಯಾಜಿಕ್ ಕಿಂಗ್‌ಡಮ್ ಪಾರ್ಕಿಗೆ ಒಂದು ದಿನಕ್ಕೆ ಐದು ಟಿಕೆಟ್ ಎಂದರೆ ತೆರಿಗೆ ಸೇರಿ ಏಳುನೂರು ಡಾಲರ್ ದಾಟುತ್ತಿತ್ತು. ಅಪ್ಪ ನಿವೃತ್ತ ಮೇಷ್ಟರು. ಬಾಯಲ್ಲೇ ಗುಣಿಸಿ, "ಅರವತ್ತು ಸಾವಿರದ ಮೇಲಾಯಿತಲ್ಲೋ, ನಾನು ಹೋಟೆಲಿನಲ್ಲೇ ಇರುತ್ತೇನೆ, ನೀವು ಹೋಗಿ ಬನ್ನಿ" ಎಂದರು. ಆ ಒಂದು ಮಾತಿಗೆ ನಾನು ಅಗ್ಗದ ಟಿಕೆಟ್ ಹುಡುಕಲು ಹೊರಟದ್ದು.

ಒರ್ಲಾಂಡೊ ಪಕ್ಕದ ಕಿಸಿಮಿ ಊರಿನ 192ನೇ ಹೆದ್ದಾರಿಯಲ್ಲಿ ಹೋದವರಿಗೆ ಗೊತ್ತು, ಎರಡೂ ಬದಿಗೆ ಟಿಕೆಟ್ ಅಂಗಡಿಗಳ ಸಾಲು. ಅವುಗಳಲ್ಲಿ ಬಹಳಷ್ಟು ಟೈಮ್‌ಶೇರ್, ಅಂದರೆ ರೆಸಾರ್ಟಿನಲ್ಲಿ ವರ್ಷಕ್ಕೆ ಕೆಲವು ದಿನ ತಂಗುವ ಹಕ್ಕು, ಮಾರುವವರದ್ದು. ತೊಂಬತ್ತು ನಿಮಿಷ ಉಪಾಹಾರಕ್ಕೆ ಬನ್ನಿ, ರೆಸಾರ್ಟ್ ನೋಡಿ, ಟಿಕೆಟ್ ಅಗ್ಗಕ್ಕೆ ಕೊಡುತ್ತೇವೆ ಎನ್ನುತ್ತಾರೆ. ತೊಂಬತ್ತು ನಿಮಿಷ ಅರ್ಧ ದಿನವಾಗುತ್ತದೆ, ಸಹಿ ಹಾಕುವವರೆಗೆ ಬಿಡುವುದಿಲ್ಲ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದದ್ದೇ ಮುಳುವಾಯಿತು.

ಅಂಗಡಿಯವನು ನಮ್ಮ ದೇಶದವನೇ. ಅಪ್ಪ ಅಮ್ಮ ಮಾತಾಡಿಕೊಳ್ಳುತ್ತಿದ್ದುದನ್ನು ಕೇಳಿಸಿಕೊಂಡು "ನಮಸ್ಕಾರ, ಚೆನ್ನಾಗಿದ್ದೀರಾ?" ಎಂದ. ಬೆಂಗಳೂರಿನಲ್ಲಿ ಎರಡು ವರ್ಷ ಇದ್ದನಂತೆ. ಅವನ ಕನ್ನಡ ಅಲ್ಲಿಗೆ ಮುಗಿಯಿತು, ಆದರೆ ಅಪ್ಪನ ಮುಖ ಅರಳಿತು. ಮೊದಲು ಟೈಮ್‌ಶೇರ್ ಉಪಾಹಾರದ ಮಾತೇ ತೆಗೆದ. ನಾನು ನಕ್ಕು, "ಅದೆಲ್ಲ ನನಗೆ ಗೊತ್ತು, ಬೇರೆ ಏನಾದರೂ ಇದ್ದರೆ ಹೇಳಿ" ಎಂದೆ. ಅವನೂ ನಕ್ಕ. "ಸರ್‌ಗೆ ಎಲ್ಲ ಗೊತ್ತಿದೆ" ಎಂದ. ಈ ವಾಕ್ಯವನ್ನು ಈಗ ನೆನೆಸಿಕೊಂಡರೂ ಮೈ ಉರಿಯುತ್ತದೆ. ಸರ್‌ಗೆ ಎಲ್ಲ ಗೊತ್ತಿದೆ!

ಆಮೇಲೆ ದನಿ ತಗ್ಗಿಸಿ ಹೇಳಿದ: "ಸರ್, ಪೇಪರಿನಲ್ಲಿ ಓದಿರಬೇಕಲ್ಲ, ಪಾರ್ಕಿಗೆ ಜನ ಕಡಿಮೆಯಾಗಿದ್ದಾರೆ. ಸಗಟು ಟಿಕೆಟ್ ಉಳಿದು ಹೋಗಿದೆ. ಒಂದು ಕಂಪನಿಯ ಸಮ್ಮೇಳನಕ್ಕೆ ತಂದದ್ದು, ತಲೆಗೆ ಎಪ್ಪತ್ತು ಡಾಲರ್‌ಗೆ ಕೊಡುತ್ತೇನೆ."

ನಾನು ನಿಜವಾಗಿಯೂ ಓದಿದ್ದೆ. ಅದಕ್ಕೇ ಬಿದ್ದದ್ದು. ಉದ್ಯಮದವರ ಅಂದಾಜಿನಂತೆ 2019ರಲ್ಲಿ ಮ್ಯಾಜಿಕ್ ಕಿಂಗ್‌ಡಮ್‌ಗೆ 2 ಕೋಟಿ 9 ಲಕ್ಷಕ್ಕೂ ಹೆಚ್ಚು ಜನ ಬಂದಿದ್ದರು, 2023ರಲ್ಲಿ ಸುಮಾರು 1 ಕೋಟಿ 77 ಲಕ್ಷ, ಮರುವರ್ಷವೂ ಹೆಚ್ಚುಕಡಿಮೆ ಅಷ್ಟೇ. ಸಂತೆಯಲ್ಲಿ ಕೊಳ್ಳುವವರಿಲ್ಲದಿದ್ದರೆ ಸಂಜೆಗೆ ಟೊಮೆಟೊ ಬುಟ್ಟಿ ಲೆಕ್ಕದಲ್ಲಿ ಸುರಿದು ಹೋಗುವುದನ್ನು ನೋಡಿ ಬೆಳೆದವನು ನಾನು. ಟಿಕೆಟ್ಟೂ ಹಾಗೇ ಎಂದುಕೊಂಡೆ.

ಹಾಗಲ್ಲ ಸ್ವಾಮಿ. ಈ ಪಾರ್ಕಿನ ಲೆಕ್ಕ ತಿರುಗುಮುರುಗು. ಬಾಗಿಲಿನ ಬೆಲೆ ಏರುತ್ತಲೇ ಇದೆ. ಒಂದು ದಿನದ ಟಿಕೆಟ್ ನೂರು ಡಾಲರ್ ದಾಟಿದ್ದು 2015ರಲ್ಲಿ, 2025ರ ಕ್ರಿಸ್‌ಮಸ್ ವಾರಕ್ಕೆ 199 ಡಾಲರ್. 1999ರಿಂದ ಬಿಟ್ಟಿಯಾಗಿದ್ದ ಫಾಸ್ಟ್‌ಪಾಸ್, ಅಂದರೆ ಆಟಗಳ ಸರದಿ ತಪ್ಪಿಸುವ ಚೀಟಿ, ಕೊರೊನಾ ಕಾಲದಲ್ಲಿ ನಿಂತಿತು. 2021ರ ಅಕ್ಟೋಬರ್‌ನಿಂದ ಸರದಿ ತಪ್ಪಿಸಿಕೊಳ್ಳಲು ಬೇರೆ ದುಡ್ಡು. ವಿಮಾನ ನಿಲ್ದಾಣದಿಂದ ಪಾರ್ಕಿನ ಹೋಟೆಲುಗಳಿಗೆ ಇದ್ದ ಉಚಿತ ಬಸ್ 2022ರ ಆರಂಭದಲ್ಲಿ ಹೋಯಿತು. ಹೊರಗಿನಿಂದ ಬಂದರೆ ಕಾರು ನಿಲ್ಲಿಸಲು ನಾವು ಹೋದಾಗ 30 ಡಾಲರ್ ಇತ್ತು. ಮೇಲೆ ಆ ಬಿಸಿಲು, ಮಂಗಳೂರಿನ ಮೇ ತಿಂಗಳನ್ನು ನೆನಪಿಸುವ ಸೆಕೆ. ಪಕ್ಕದಲ್ಲಿ 2025ರ ಮೇ ತಿಂಗಳಲ್ಲಿ ಯೂನಿವರ್ಸಲ್‌ನವರ ಎಪಿಕ್ ಯೂನಿವರ್ಸ್ ಎಂಬ ಹೊಸ ಪಾರ್ಕ್ ಬೇರೆ ತೆರೆದಿದೆ, ಕೆನಡಾದವರು ಮುನಿಸಿಕೊಂಡು ಅಮೆರಿಕಕ್ಕೇ ಬರುವುದು ಕಡಿಮೆ ಮಾಡಿದ್ದಾರೆ. ಜನ ಕಡಿಮೆಯಾಗಲು ಇಷ್ಟು ಸಾಕಲ್ಲವೇ? ಆದರೆ ಬಂದವರು ತಲೆಗೆ ಮೊದಲಿಗಿಂತ ಹೆಚ್ಚು ಖರ್ಚು ಮಾಡುತ್ತಿದ್ದಾರೆ, ಕಂಪನಿಯೇ ತನ್ನ ವರದಿಗಳಲ್ಲಿ ಹೇಳಿಕೊಂಡಿದೆ. ಕಡಿಮೆ ಜನರಿಂದ ಹೆಚ್ಚು ದುಡ್ಡು ಬರುವಾಗ ಟಿಕೆಟ್ ಸುರಿಯುವವರು ಯಾರು? ಇದನ್ನು ನಾನು ಆ ಕೌಂಟರಿನ ಮುಂದೆ ಯೋಚಿಸಬೇಕಿತ್ತು. ಹೋಟೆಲಿಗೆ ಬಂದು, ಮೋಸ ಹೋದ ಮೇಲೆ, ರಾತ್ರಿ ಎರಡು ಗಂಟೆಗೆ ಯೋಚಿಸಿದೆ.

ಸುಳಿವು ಇರಲಿಲ್ಲವೇ? ಇದ್ದವು. ಕಾರ್ಡ್ ಯಂತ್ರ ಕೆಟ್ಟಿದೆ, ಫೋನಿನಿಂದ ನೇರವಾಗಿ ಖಾತೆಗೆ ಕಳುಹಿಸಿ ಎಂದ. ಕಳುಹಿಸಿದೆ. "ಪಾರ್ಕಿನ ಆ್ಯಪ್‌ಗೆ ಮಾತ್ರ ಸೇರಿಸಬೇಡಿ ಸರ್, ಗುಂಪು ಟಿಕೆಟ್, ರದ್ದಾಗಿಬಿಡುತ್ತದೆ" ಎಂದ. ಬ್ಯಾಂಕಿನ ಸಾಫ್ಟ್‌ವೇರ್ ಬರೆಯುವವನು ತಲೆಯಾಡಿಸಿದೆ.

ಮರುದಿನ ಕಾರು ನಿಲ್ಲಿಸಿ, ದೋಣಿಯಲ್ಲಿ ಕೆರೆ ದಾಟಿ ಬಾಗಿಲಿಗೆ ಹೋದೆವು. ಅಮ್ಮ ಚಿತ್ರಾನ್ನದ ಡಬ್ಬಿ ಹಿಡಿದಿದ್ದರು. ಅಲ್ಲಿ ಕಾರ್ಡ್ ಮುಟ್ಟಿಸಿ ಬೆರಳು ಇಡಬೇಕು. ಸರಿ ಇದ್ದರೆ ಹಸಿರು ದೀಪ, ಇಲ್ಲದಿದ್ದರೆ ನೀಲಿ. ಹತ್ತು ವರ್ಷದೊಳಗಿನ ಮಕ್ಕಳಿಗೆ ಬೆರಳಿನ ಲೆಕ್ಕವಿಲ್ಲ. ಮಗಳು ಮೊದಲು ಹೋದಳು, ಹಸಿರು. ಕುಣಿಯುತ್ತಾ ಒಳಗೆ ಓಡಿದಳು. ಹಿಂದೆ ಅಮ್ಮ. ನೀಲಿ. ಸೆರಗಿನಿಂದ ಬೆರಳು ಒರೆಸಿಕೊಂಡು ಮತ್ತೆ ಇಟ್ಟರು. ನೀಲಿ. "ನ್ಯಾಯಬೆಲೆ ಅಂಗಡಿಯಲ್ಲೂ ಹೀಗೇ ಕಣೋ, ಪಾತ್ರೆ ತೊಳೆದೂ ತೊಳೆದೂ ನನ್ನ ಬೆರಳು ಸವೆದಿದೆ, ಯಂತ್ರಕ್ಕೆ ಹತ್ತುವುದಿಲ್ಲ" ಎಂದು ಹಿಂದೆ ನಿಂತವರ ಕಡೆಗೆಲ್ಲ ತಪ್ಪಿತಸ್ಥರಂತೆ ನೋಡಿದರು. ಆಮೇಲೆ ಅಪ್ಪ, ನೀಲಿ. ಹೆಂಡತಿ, ನೀಲಿ. ನಾನು, ನೀಲಿ.

ಟ್ಯಾಬ್ಲೆಟ್ ಹಿಡಿದ ಹುಡುಗಿ ಬಂದು ಮೆಲ್ಲಗೆ ಕೇಳಿದಳು, "ಈ ವಾರ ಆಗಲೇ ಮೂರು ದಿನ ಬಂದಿದ್ದೀರಲ್ಲವೇ?" ಅವು ನಾಲ್ಕು ದಿನದ ಟಿಕೆಟ್‌ಗಳು. ಯಾವುದೋ ಕುಟುಂಬ ಮೂರು ದಿನ ಬಳಸಿ ಉಳಿದ ಒಂದು ದಿನವನ್ನು ಮಾರಿ ಊರಿಗೆ ಹೋಗಿದೆ. ಟಿಕೆಟ್‌ಗೆ ಅಂಟಿಕೊಂಡ ಬೆರಳು ಅವರದು, ಹಣ ನನ್ನದು. ಒಳಗೆ ಹೋಗಿದ್ದ ಮಗಳನ್ನು ಇನ್ನೊಬ್ಬರು ಕೈಹಿಡಿದು ಹೊರಗೆ ತಂದು ಬಿಟ್ಟರು. ಅವರ ತಪ್ಪೇನೂ ಇಲ್ಲ, ಬಹಳ ಸೌಜನ್ಯದಿಂದಲೇ ನಡೆದುಕೊಂಡರು. ಆದರೆ ಆ ಮಗುವಿನ ಮುಖ ನೋಡಲಾಗಲಿಲ್ಲ. ಅಪ್ಪ ಒಂದೇ ಮಾತು ಕೇಳಿದರು: "ಎಷ್ಟು ಕೊಟ್ಟಿದ್ದೆ?"

ಅಲ್ಲೇ ನಿಂತು ಅವನಿಗೆ ಸಂದೇಶ ಕಳುಹಿಸಿದೆ. ಉತ್ತರಗಳು ಇವು, ಬಂದ ಕ್ರಮದಲ್ಲೇ. "ಬೆರಳು ಒರೆಸಿ ಮತ್ತೆ ಪ್ರಯತ್ನಿಸಿ." "ಬೇರೆ ಸಾಲಿನಲ್ಲಿ ಹೋಗಿ." "ಸಂಜೆ ಐದರ ಮೇಲೆ ಹೋಗಿ, ಆಗ ಅಷ್ಟು ನೋಡುವುದಿಲ್ಲ." ನಾನು ಪೊಲೀಸರ ಹೆಸರು ತೆಗೆದ ಮೇಲೆ: "ಟಿಕೆಟ್ ಅಸಲಿ ಎಂದು ಹೇಳಿದ್ದೆ. ಒಳಗೆ ಬಿಡುತ್ತಾರೆ ಎಂದು ಹೇಳಿರಲಿಲ್ಲ." ಇದನ್ನು ಮೂರು ಸಲ ಓದಿದೆ. ಒಳಗೆ ಬಿಡದ ಟಿಕೆಟನ್ನು ಗೋಡೆಗೆ ಕಟ್ಟು ಹಾಕಿಸಿ ತೂಗು ಹಾಕಲೇ? ಕೊನೆಯದು: "ರಸೀದಿ ನೋಡಿ." ರಸೀದಿಯಲ್ಲಿ ಟಿಕೆಟ್ ಎಂಬ ಪದವೇ ಇಲ್ಲ. "ಪ್ರವಾಸ ಸಲಹೆ, 350" ಎಂದಿದೆ. ಆಮೇಲೆ ನನ್ನ ಸಂಖ್ಯೆಯನ್ನು ನಿರ್ಬಂಧಿಸಿದ.

ಅಂದು ಕೊನೆಗೆ ಪೂರ್ತಿ ಬೆಲೆಗೆ ಹೊಸ ಟಿಕೆಟ್ ತೆಗೆದುಕೊಂಡೇ ಒಳಗೆ ಹೋದೆವು. ಒಟ್ಟು ಸಾವಿರ ಡಾಲರ್ ದಾಟಿತು. ಅಮ್ಮನ ಬೆರಳಿಗೆ ಹಸಿರು ದೀಪ ಬಂದಾಗ ಅವರು ಬೆರಳನ್ನೇ ತಿರುಗಿಸಿ ನೋಡಿಕೊಂಡರು. ಸರದಿಗಳೂ ಚಿಕ್ಕವೇ ಇದ್ದವು, ಆದರೆ ಖುಷಿಪಡುವ ಮನಸ್ಸು ಯಾರಿಗಿತ್ತು? ಅಪ್ಪನಿಗೆ ಹಬೆದೋಣಿ ತೋರಿಸಬೇಕೆಂದಿದ್ದೆ. ಅದು, ಅದು ಸಾಗುತ್ತಿದ್ದ ಹೊಳೆ, ಎರಡೂ ಜುಲೈನಲ್ಲೇ ಮುಚ್ಚಿವೆ.

ಮರುದಿನ ಅಂಗಡಿಗೆ ಹೋದರೆ ಬೇರೊಬ್ಬ ಹೆಂಗಸು ಕುಳಿತಿದ್ದರು. "ಆತ ನಮ್ಮ ನೌಕರನಲ್ಲ, ಕೌಂಟರ್ ಬಾಡಿಗೆಗೆ ಕೊಟ್ಟಿದ್ದೆವು" ಎಂದರು. ನಾನು ಕೂಗಾಡಿದೆ. ಅವರು ಪೂರ್ತಿ ಕೇಳಿಸಿಕೊಂಡು, "ನಿಮಗಾದ ತೊಂದರೆಗೆ ವಿಷಾದವಿದೆ. ನಾಳೆ ಬೆಳಿಗ್ಗೆ ಉಪಾಹಾರಕ್ಕೆ ಬನ್ನಿ, ತೊಂಬತ್ತು ನಿಮಿಷ ಅಷ್ಟೇ" ಎಂದರು!

ಹೇಳುವುದಿಷ್ಟು. ಟಿಕೆಟನ್ನು ಪಾರ್ಕಿನ ಜಾಲತಾಣದಲ್ಲಿ, ಇಲ್ಲವೇ ಪಾರ್ಕೇ ಒಪ್ಪಿದ ಮಾರಾಟಗಾರರಲ್ಲಿ ಕೊಳ್ಳಿ. ಅಲ್ಲಿ ಸಿಗುವ ರಿಯಾಯಿತಿ ಹತ್ತಿಪ್ಪತ್ತು ಡಾಲರ್, ಅರ್ಧ ಬೆಲೆ ಅಲ್ಲ. ಹಣ ಕೊಡುವ ಮೊದಲು ಆ್ಯಪ್‌ಗೆ ಸೇರಿಸಿ ನೋಡಿ, ಬೇಡ ಎಂದರೆ ಎದ್ದು ಬನ್ನಿ. ಕ್ರೆಡಿಟ್ ಕಾರ್ಡ್ ಬಿಟ್ಟು ಬೇರೆ ದಾರಿಯಲ್ಲಿ ಕೊಡಬೇಡಿ. ನನ್ನ ಬ್ಯಾಂಕು "ನೀವೇ ಕಳುಹಿಸಿದ್ದೀರಿ" ಎಂದು ಕೈ ತೊಳೆದುಕೊಂಡಿತು. ಒಬ್ಬರು ಅರ್ಧ ಬಳಸಿದ ಬಹುದಿನದ ಟಿಕೆಟನ್ನು ಇನ್ನೊಬ್ಬರಿಗೆ ಮಾರುವುದು ಫ್ಲಾರಿಡಾದಲ್ಲಿ ಅಪರಾಧ, ಹಾಗಾಗಿ ಅಲ್ಲಿನ ಪೊಲೀಸರಾದ ಕೌಂಟಿ ಶೆರಿಫ್ ಕಚೇರಿಯಲ್ಲಿ ದೂರು ಕೊಟ್ಟು ಬಂದಿದ್ದೇನೆ. ಮತ್ತೆ, ಪರದೇಶದಲ್ಲಿ ಕೌಂಟರಿನ ಹಿಂದೆ ನಿಂತು ಯಾರಾದರೂ ಚೆನ್ನಾಗಿದ್ದೀರಾ ಎಂದರೆ ಚೆನ್ನಾಗಿದ್ದೇವೆ ಎಂದು ಹೇಳಿ ಹೊರಗೆ ಬನ್ನಿ.

ನವೆಂಬರಿನಲ್ಲಿ ಹೊಸ ಸಂಖ್ಯೆಯಿಂದ ಒಂದು ಸಂದೇಶ ಬಂತು. ಡಿಸೆಂಬರ್ ರಜೆಗೆ ಟಿಕೆಟ್ ಇವೆಯಂತೆ, ಈ ವರ್ಷ ಜನ ಕಡಿಮೆಯಂತೆ, ಅರ್ಧ ಬೆಲೆಯಂತೆ. ಆ ಸಂಖ್ಯೆಯನ್ನೂ ದೂರಿಗೆ ಸೇರಿಸಿದ್ದೇನೆ.