ಬಿಟಿಆರ್‌ಎಫ್‌ಎಸ್, ಝಡ್‌ಎಫ್‌ಎಸ್, ಎಂಡಿಎಡಿಎಂ: ಬೇಕಂತಲೇ ಡೇಟಾ ಕೆಡಿಸಿ ನೋಡಿದೆ

ಒಂದೇ ಡೇಟಾವನ್ನು ಎರಡು ಡಿಸ್ಕಿನಲ್ಲಿ ಇಡಬಲ್ಲ ಮೂರು ವ್ಯವಸ್ಥೆಗಳನ್ನು ಲಿನಕ್ಸ್‌ನಲ್ಲಿ ಹೋಲಿಸಿದೆ: ಬಿಟಿಆರ್‌ಎಫ್‌ಎಸ್ ಮತ್ತು ಝಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಂಗಳು, ಡಿಸ್ಕ್‌ಗಳನ್ನಷ್ಟೇ ಜೋಡಿಸುವ ಎಂಡಿಎಡಿಎಂ. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಬಿಟಿಆರ್‌ಎಫ್‌ಎಸ್‌ಗೆ. ಮನೆಯ ಫೋಟೊ ಇಡಲೆಂದು 4 ಟಿಬಿಯ ಹೊಸ ಡಿಸ್ಕ್ ಕೊಂಡಿದ್ದೆ. ಸ್ವಲ್ಪ ದಿನದಲ್ಲೇ ಕೆಲವು ಫೋಟೊಗಳ ಕೆಳಗಿನ ಅರ್ಧ ಬೂದು ಬಣ್ಣಕ್ಕೆ ತಿರುಗಿತು. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿ ಮಾತ್ರ ಎಲ್ಲ ಸರಿ ಇದೆ ಎನ್ನುತ್ತಿತ್ತು. ಅಂಗಡಿಯವರು ಬದಲಿಸಿ ಕೊಟ್ಟರು, ಅದು ಬೇರೆ ಮಾತು. ಸತ್ತ ಡಿಸ್ಕ್ ಕಣ್ಣಿಗೆ ಕಾಣುತ್ತದೆ, ಸುಮ್ನೆ ತಪ್ಪು ಡೇಟಾ ಕೊಡುವ ಡಿಸ್ಕ್ ಕಾಣುವುದಿಲ್ಲ ಅಲ್ವಾ? ಮಿರರ್ (ಎರಡು ಡಿಸ್ಕಿನಲ್ಲಿ ಒಂದೊಂದು ಪ್ರತಿ) ಮಾಡುವುದಂತೂ ಖಚಿತವಾಯಿತು. ಯಾವುದರಲ್ಲಿ ಎನ್ನುವುದಷ್ಟೇ ಉಳಿದಿತ್ತು.

ಪರೀಕ್ಷೆ ಸರಳ. ಎಲ್ಲ ಫೈಲ್‌ಗಳ ಶಾ256 (ಫೈಲಿನ ಬೆರಳಚ್ಚಿನಂಥ ಸಂಖ್ಯೆ, ಫೈಲ್ ಸ್ವಲ್ಪ ಬದಲಾದರೂ ಬೇರೆಯಾಗುತ್ತದೆ) ಪಟ್ಟಿ ಮಾಡಿಟ್ಟುಕೊಂಡೆ. ಅರೇ (ಜೋಡಿಸಿದ ಡಿಸ್ಕ್‌ಗಳ ಗುಂಪು) ನಿಲ್ಲಿಸಿ, ಡಿಸ್ಕಿಗೆ ನೇರವಾಗಿ ಬರೆಯುವ ಡಿಡಿ ಕಮಾಂಡಿನಿಂದ ಒಂದು ಡಿಸ್ಕಿನ ನಡುಭಾಗಕ್ಕೆ ಕಸ ಸುರಿದೆ. ಮತ್ತೆ ಅರೇ ಶುರು ಮಾಡಿ ಪಟ್ಟಿ ತಾಳೆ ನೋಡಿದೆ. (ನೀವು ಮಾಡುವುದಾದರೆ ಫೈಲನ್ನೇ ಡಿಸ್ಕಿನಂತೆ ತೋರಿಸುವ ಲೂಪ್ ಡಿವೈಸ್ ಸಾಕು. ಮೆಮೊರಿಯ ಕ್ಯಾಶ್ ಖಾಲಿ ಮಾಡಿಕೊಳ್ಳಿ, ಇಲ್ಲದಿದ್ದರೆ ಕೆಟ್ಟ ಫೈಲೂ ಸರಿಯಾಗಿಯೇ ಕಾಣುತ್ತದೆ.)

ಎಂಡಿಎಡಿಎಂ ರೈಡ್1 (ಅಂದರೆ ಮಿರರ್) ಸಿಟ್ಟು ತರಿಸಿತು. ಓದುವಾಗ ಒಂದೇ ಒಂದು ಎರರ್ ಇಲ್ಲ, ಅರೇ 'ಕ್ಲೀನ್'. ಆದರೆ ಕೆಲವು ಫೈಲ್‌ಗಳ ಶಾ256 ತಾಳೆಯಾಗಲಿಲ್ಲ. ಯಾವ ಡಿಸ್ಕಿನಿಂದ ಓದಿತೋ ಅದು ನಮ್ಮ ಅದೃಷ್ಟ. ಎರಡೂ ಡಿಸ್ಕನ್ನು ಹೋಲಿಸುವ 'ಚೆಕ್' ಓಡಿಸಿದರೆ ಮಿಸ್‌ಮ್ಯಾಚ್ ಕೌಂಟ್ ಎಂದು ದೊಡ್ಡದೊಂದು ಸಂಖ್ಯೆ ಬಂತು. ಯಾವ ಫೈಲ್? ಹೇಳುವುದಿಲ್ಲ. ಯಾವ ಡಿಸ್ಕ್ ಸರಿ? ಅದೂ ಗೊತ್ತಿಲ್ಲ. ಚೆಕ್‌ಸಮ್ (ಡೇಟಾ ಸರಿ ಇದೆಯೇ ಎಂದು ತಾಳೆ ನೋಡುವ ಸಂಖ್ಯೆ) ಇಟ್ಟುಕೊಂಡಿಲ್ಲವಲ್ಲ, ಎರಡು ಪ್ರತಿ ಬೇರೆ ಬೇರೆ ಇವೆ ಎಂದಷ್ಟೇ ಅದಕ್ಕೆ ತಿಳಿಯುತ್ತದೆ.

ಇನ್ನು 'ರಿಪೇರ್'. ಹೆಸರು ನೋಡಿ ನಂಬಬೇಡಿ. ರೈಡ್1ರಲ್ಲಿ ಅದು ಮಾಡುವುದು, ಅರೇಯ ಮೊದಲ ಡಿಸ್ಕಿನಲ್ಲಿ ಇರುವುದನ್ನು ಇನ್ನೊಂದಕ್ಕೆ ನಕಲು ಹೊಡೆಯುವುದು. ನಾನು ಕಸ ಸುರಿದಿದ್ದೂ ಮೊದಲ ಡಿಸ್ಕಿಗೇ. ರಿಪೇರ್ ಆದಮೇಲೆ ಮತ್ತೆ ಚೆಕ್ ಓಡಿಸಿದೆ: ಸೊನ್ನೆ! ಏಕೆಂದರೆ ಒಳ್ಳೆಯ ಪ್ರತಿಯೂ ಕಸವಾಗಿತ್ತು. ಡೆಬಿಯನ್ ಲಿನಕ್ಸ್ ತಿಂಗಳಿಗೊಮ್ಮೆ ತಾನಾಗಿ ಓಡಿಸುವುದು ಚೆಕ್ ಮಾತ್ರ, ಪುಣ್ಯ. ಸಾಲದ್ದಕ್ಕೆ, ರೈಡ್1ರ ಮೇಲೆ ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಡಿಸ್ಕಿನ ಜಾಗ) ಇಟ್ಟಿದ್ದರೆ ಏನೂ ಕೆಡದೆಯೂ ಆ ಸಂಖ್ಯೆ ಏರಬಹುದು. ಹಾಗಾದರೆ ಅದನ್ನು ನೋಡಿ ಗಾಬರಿಯಾಗಬೇಕೋ ಬೇಡವೋ?

ಎಂಡಿಎಡಿಎಂ ಕೆಳಗೆ, ಪ್ರತಿ ಡಿಸ್ಕಿಗೂ ಚೆಕ್‌ಸಮ್ ಸೇರಿಸುವ ಡಿಎಂ-ಇಂಟೆಗ್ರಿಟಿ ಹಾಕಿದರೆ ಇದೆಲ್ಲ ಸರಿಹೋಗುತ್ತದೆ. ಆದರೆ ಜರ್ನಲ್ (ಬರೆಯುವುದನ್ನು ಮೊದಲು ಗುರುತಿಟ್ಟುಕೊಳ್ಳುವ ಜಾಗ) ಇರುವುದರಿಂದ ಎಲ್ಲವನ್ನೂ ಎರಡೆರಡು ಸಲ ಬರೆಯಬೇಕು. ಹಾರ್ಡ್‌ಡಿಸ್ಕಿನಲ್ಲಿ ಬಹಳ ನಿಧಾನ.

ಝಡ್‌ಎಫ್‌ಎಸ್‌ಗೆ ನೂರಕ್ಕೆ ನೂರು. ಓದುವಾಗಲೇ ಸರಿಪಡಿಸಿತು, ಮಿಕ್ಕಿದ್ದನ್ನು ಸ್ಕ್ರಬ್ (ಇಡೀ ಡೇಟಾ ಓದಿ ತಾಳೆ ನೋಡುವುದು) ಮುಗಿಸಿತು. ಯಾವ ಡಿಸ್ಕ್ ತಪ್ಪು ಕೊಟ್ಟಿತು ಎಂದು ಸ್ಟೇಟಸ್‌ನಲ್ಲಿ ಎದುರಿಗೇ ತೋರಿಸುತ್ತದೆ. ವರದಿಯ ವಿಷಯದಲ್ಲಿ ಇದನ್ನು ಮೀರಿಸುವುದು ಇಲ್ಲ. ಆದರೆ ಲೈಸೆನ್ಸ್ ಕಾರಣಕ್ಕೆ ಲಿನಕ್ಸ್‌ನ ತಿರುಳಾದ ಕರ್ನೆಲ್ ಒಳಗೆ ಇದಕ್ಕೆ ಜಾಗವಿಲ್ಲ. ಡೆಬಿಯನ್‌ನಲ್ಲಿ ಕರ್ನೆಲ್ ಬದಲಾದಾಗಲೆಲ್ಲ ಇದರ ಮಾಡ್ಯೂಲ್ (ಕರ್ನೆಲ್‌ಗೆ ಹೊರಗಿನಿಂದ ಸೇರಿಸುವ ಭಾಗ) ಹೊಸದಾಗಿ ಕಂಪೈಲ್ ಆಗಬೇಕು. ರಾತ್ರಿ ಅಪ್‌ಡೇಟ್ ಕೊಟ್ಟು ಮಲಗುವ ನನ್ನಂಥವರಿಗೆ ಇದು ಆಗಿಬರುವುದಿಲ್ಲ.

ಬಿಟಿಆರ್‌ಎಫ್‌ಎಸ್ ಕರ್ನೆಲ್ ಒಳಗೇ ಇದೆ. ಸ್ಕ್ರಬ್ ಮುಗಿದಾಗ ಕೆಟ್ಟ ಬ್ಲಾಕ್‌ಗಳೆಲ್ಲ ರಿಪೇರಿಯಾಗಿದ್ದವು, ಶಾ256 ಪಟ್ಟಿ ಪೂರ್ತಿ ತಾಳೆಯಾಯಿತು. ಡೀಫಾಲ್ಟ್ ಚೆಕ್‌ಸಮ್ ಸಿಆರ್‌ಸಿ32ಸಿ. ಕರ್ನೆಲ್ 5.5ರಿಂದ ಶಾ256 ಕೂಡ ಸಿಗುತ್ತದೆ, ಫೋಟೊಗಳಿಗೆ ಅಷ್ಟು ಬೇಕಿಲ್ಲ. ತಕರಾರು ಎರಡಿವೆ. ಒಂದು ಡಿಸ್ಕ್ ಕಾಣೆಯಾದರೆ 'ಡಿಗ್ರೇಡೆಡ್' ಎಂದು ಕೈಯಾರೆ ಹೇಳದೆ ಮೌಂಟ್ ಆಗುವುದಿಲ್ಲ, ಅಂದರೆ ಫೈಲ್‌ಗಳು ತೆರೆಯುವುದಿಲ್ಲ. ವರ್ಚುವಲ್ ಮೆಷೀನ್ ಫೈಲ್‌ಗಳಿಗೆಂದು ಕಾಪಿ-ಆನ್-ರೈಟ್ (ಹಳೆಯದರ ಮೇಲೆ ಬರೆಯದೆ ಹೊಸ ಜಾಗದಲ್ಲಿ ಬರೆಯುವುದು) ನಿಲ್ಲಿಸಿದರೆ ಚೆಕ್‌ಸಮ್ಮೂ ನಿಂತುಹೋಗುತ್ತದೆ.

ಕೊನೆಗೆ ದುಡ್ಡಿನ ಲೆಕ್ಕ. ಮನೆಯಲ್ಲಿ ಹಳೆಯ 3 ಟಿಬಿ, 1 ಟಿಬಿ ಡಿಸ್ಕ್ ಬಿದ್ದಿದ್ದವು. ಹೊಸ 4 ಟಿಬಿ ಜೊತೆ ಮೂರನ್ನೂ ಬಿಟಿಆರ್‌ಎಫ್‌ಎಸ್ ರೈಡ್1ಗೆ ಹಾಕಿದೆ, ಎಲ್ಲವನ್ನೂ ಎರಡೆರಡು ಪ್ರತಿ ಇಡುವುದರಿಂದ ಸುಮಾರು 4 ಟಿಬಿ ಜಾಗ ಸಿಕ್ಕಿತು. ಇನ್ನೊಂದು ಡಿಸ್ಕ್ ಕೊಳ್ಳುವುದು ತಪ್ಪಿತು. ರೈಡ್5, ರೈಡ್6 (ಪೂರ್ತಿ ಪ್ರತಿಯ ಬದಲು ಲೆಕ್ಕದ ಮಾಹಿತಿ ಇಟ್ಟು ಡೇಟಾ ಉಳಿಸುವ ಬಗೆ) ಬೇಕಿದ್ದವರು ಮಾತ್ರ ಝಡ್‌ಎಫ್‌ಎಸ್ ಕಡೆ ಹೋಗಿ. ಬಿಟಿಆರ್‌ಎಫ್‌ಎಸ್ ಮಾಡಿದವರೇ ತಮ್ಮ ರೈಡ್5, 6ನ್ನು ಮುಖ್ಯ ಡೇಟಾಗೆ ಬಳಸಬೇಡಿ ಎನ್ನುತ್ತಾರೆ.