ಸಾಟಾ ಪವರ್ ಸ್ವಿಚ್ ಪ್ಯಾನಲ್: ಸ್ಕ್ರೂಡ್ರೈವರ್ ಡ್ರಾಯರ್ ಸೇರ್ತು, ಒಂದು ಸ್ಟಾರ್ ಮಾತ್ರ ಕಟ್

ಮೂರು ತಿಂಗ್ಳಾಯ್ತು ಹಾಕಿ, ಈಗ ಬರೀಬಹುದು ಅನ್ಸ್ತು. ಸಾಮಾನು ತುಂಬಾ ಸಿಂಪಲ್, ಮೊದ್ಲು ಡಿವಿಡಿ ಡ್ರೈವ್ ಇರ್ತಿತ್ತಲ್ಲ ಕ್ಯಾಬಿನೆಟ್ ಮುಂದೆ, ಆ ಜಾಗದಲ್ಲಿ ಕೂರುತ್ತೆ, ನಾಲ್ಕು ಬಟನ್, ಒಂದೊಂದಕ್ಕೂ ಒಂದೊಂದು ಸಾಟಾ ಪವರ್ ಕೇಬಲ್ (ಡಿಸ್ಕಿಗೆ ಕರೆಂಟ್ ಕೊಡೋ ವೈರು), ಒತ್ತಿದ್ರೆ ಆ ಡಿಸ್ಕ್‌ಗೆ ಕರೆಂಟ್, ಮತ್ತೆ ಒತ್ತಿದ್ರೆ ಕಟ್, ಕ್ಯಾಬಿನೆಟ್ ಬಿಚ್ಚಿ ಕೇಬಲ್ ಕೀಳೋ ಕೆಲಸ ಇಲ್ಲ.

ನನ್ನ ಪಿಸಿಲಿ ಒಂದು ಎಸ್ಎಸ್‌ಡಿ, ಎರಡು ಹಳೇ ಹಾರ್ಡ್ ಡಿಸ್ಕ್. ವಿಂಡೋಸ್ ಇರೋದು ಎಸ್ಎಸ್‌ಡಿಲಿ. ಬೆಳಿಗ್ಗೆ ಆನ್ ಮಾಡಿದ್ರೆ ಬೂಟ್ ಡಿವೈಸೇ ಇಲ್ಲ ಅಂತ ಕಪ್ಪು ಸ್ಕ್ರೀನ್ ಬರೋದು, ಕಂಟ್ರೋಲ್ ಆಲ್ಟ್ ಡಿಲೀಟ್ ಒತ್ತಿದ್ರೆ ಏನೂ ಆಗೇ ಇಲ್ವೇನೋ ಅನ್ನೋ ಥರ ವಿಂಡೋಸ್ ಬಂದ್ಬಿಡೋದು! ಎಸ್ಎಸ್‌ಡಿ ಹೋಗ್ತಿದೆ ಅಂದ್ಕೊಂಡು ಡೇಟಾ ಕೇಬಲ್ ಬದಲಾಯಿಸ್ದೆ, ಬೋರ್ಡ್ ಮೇಲಿನ ಸಿಆರ್2032 ಸೆಲ್ಲೂ ಬದಲಾಯಿಸ್ದೆ, ಏನೂ ಉಪಯೋಗ ಆಗ್ಲಿಲ್ಲ.

ಪ್ಯಾನಲ್ ಬಂದ್ಮೇಲೆ ಎರಡೂ ಹಾರ್ಡ್ ಡಿಸ್ಕ್ ಆಫ್ ಮಾಡಿ ಎಸ್ಎಸ್‌ಡಿ ಒಂದನ್ನೇ ಬಿಟ್ಟು ಆನ್ ಮಾಡ್ದೆ. ಬೂಟ್ ಆಗ್ಲೇ ಇಲ್ಲ. ಬಯೋಸ್‌ನಲ್ಲಿ (ವಿಂಡೋಸ್‌ಗೂ ಮೊದ್ಲು ಓಡೋ ಬೋರ್ಡಿನ ಪ್ರೋಗ್ರಾಂ) ಎಸ್ಎಸ್‌ಡಿ ಹೆಸರು ಕಾಣ್ತಿದೆ, ಆದ್ರೆ ವಿಂಡೋಸ್ ಬೂಟ್ ಮ್ಯಾನೇಜರ್ ಅನ್ನೋ ಲೈನೇ ಮಾಯ. ಒಂದು ಹಳೇ ಡಿಸ್ಕ್ ಆನ್ ಮಾಡಿ ನೋಡ್ದೆ, ಇಲ್ಲ. ಅದನ್ನ ಆಫ್ ಮಾಡಿ ಇನ್ನೊಂದನ್ನ ಆನ್ ಮಾಡ್ದೆ, ಬಂತು. ಅಲ್ಲಿಗೆ ಕಳ್ಳ ಸಿಕ್ಕ. ವಿಂಡೋಸ್ ಹಾಕುವಾಗ ಈ ಹಳೇ ಡಿಸ್ಕೂ ಕನೆಕ್ಟ್ ಆಗಿತ್ತು, ಅದರಲ್ಲಿ ಆಗ್ಲೇ ಒಂದು ಇಎಫ್ಐ ಪಾರ್ಟಿಷನ್ (ಬೂಟ್ ಫೈಲ್ ಇಡೋ ಚಿಕ್ಕ ಭಾಗ) ಇದ್ದಿದ್ರಿಂದ ಇನ್‌ಸ್ಟಾಲರ್ ಎಸ್ಎಸ್‌ಡಿಲಿ ಹೊಸದು ಮಾಡೋ ಬದಲು ಬೂಟ್ ಫೈಲ್‌ಗಳನ್ನ ಅಲ್ಲೇ ತುರುಕಿದೆ. ಆ ಮುದುಕ ಡಿಸ್ಕ್ ತಣ್ಣಗಿದ್ದಾಗ ತಿರುಗೋಕೆ ತಡ ಮಾಡುತ್ತೆ, ಅಷ್ಟರಲ್ಲಿ ಬಯೋಸ್ ಕಾದು ಸಾಕಾಗಿ ಕೈ ಎತ್ತುತ್ತೆ, ರೀಸ್ಟಾರ್ಟ್ ಮಾಡೋ ಹೊತ್ತಿಗೆ ಅದು ತಿರುಗ್ತಾ ಇರುತ್ತೆ, ಅದಕ್ಕೇ ಬೂಟ್ ಆಗ್ತಿತ್ತು.

ಸರಿ ಮಾಡಿದ್ದು ಹೀಗೆ, ವಿಂಡೋಸ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಡಿಸ್ಕ್‌ಪಾರ್ಟ್‌ನಲ್ಲಿ (ಡಿಸ್ಕನ್ನ ಭಾಗ ಮಾಡೋ ವಿಂಡೋಸ್ ಕಮಾಂಡ್) ಸಿ ಡ್ರೈವನ್ನ ಸ್ವಲ್ಪ ಕುಗ್ಗಿಸಿ, ಆ ಜಾಗದಲ್ಲಿ 300 ಎಂಬಿ ಇಎಫ್ಐ ಪಾರ್ಟಿಷನ್ ಮಾಡಿ, ಫ್ಯಾಟ್32 ಫಾರ್ಮ್ಯಾಟ್ ಕೊಟ್ಟು, ಬಿಸಿಡಿಬೂಟ್ ಕಮಾಂಡ್‌ನಲ್ಲಿ ಬೂಟ್ ಫೈಲ್ ಅಲ್ಲಿಗೆ ಹಾಕಿಸ್ದೆ. (ಪೆನ್‌ಡ್ರೈವ್‌ನಿಂದ ಬೂಟ್ ಮಾಡ್ದಾಗ ಸಿ ಡ್ರೈವ್ ಬೇರೆ ಅಕ್ಷರದಲ್ಲಿ ಕಾಣಬಹುದು, ಮೊದ್ಲು ಲಿಸ್ಟ್ ನೋಡ್ಕೊಳ್ಳಿ.) ಈ ಕೆಲಸ ಮಾಡುವಾಗ್ಲೇ ಪ್ಯಾನಲ್ ಬೆಲೆ ಗೊತ್ತಾಗಿದ್ದು, ಡಿಸ್ಕ್‌ಪಾರ್ಟ್‌ನಲ್ಲಿ ಒಂದು ನಂಬರ್ ತಪ್ಪಿದ್ರೆ ಫೋಟೋ ಎಲ್ಲಾ ಗೋವಿಂದ, ಇಲ್ಲಿ ಫೋಟೋ ಇರೋ ಡಿಸ್ಕ್‌ಗೆ ಕರೆಂಟೇ ಇಲ್ಲ, ಯಾವ ಭಯ.

ಕ್ಲೋನ್ (ಒಂದು ಡಿಸ್ಕನ್ನ ಇದ್ದಹಾಗೇ ಇನ್ನೊಂದಕ್ಕೆ ಕಾಪಿ) ಮಾಡೋರಿಗೂ ಒಳ್ಳೇದು. ಮೂಲ ಡಿಸ್ಕ್, ಕ್ಲೋನ್ ಎರಡರ ಐಡಿನೂ ಒಂದೇ ಆಗಿದ್ರೆ ಒಟ್ಟಿಗೆ ಹಾಕಿದಾಗ ವಿಂಡೋಸ್ ಒಂದನ್ನ ಆಫ್‌ಲೈನ್ ಮಾಡುತ್ತೆ, ಇದರಲ್ಲಿ ಒಂದೊಂದಾಗೇ ಆನ್ ಮಾಡಿ ನೋಡಬಹುದು.

ಇನ್ನು ತಕರಾರು. ಬೋರ್ಡ್‌ಗೇ ಚುಚ್ಚೋ ಎನ್‌ವಿಎಂಇ ಎಸ್ಎಸ್‌ಡಿಗೆ ಇದು ದಂಡ, ಅದಕ್ಕೆ ಪವರ್ ಕೇಬಲ್ಲೇ ಇಲ್ವಲ್ಲ. ಬಟನ್‌ಗೆ ಲಾಕ್ ಇಲ್ಲ, ಒಂದಿನ ಧೂಳು ಒರೆಸ್ತಾ ಬಟ್ಟೆ ತಗುಲಿ ಕಾಪಿ ಆಗ್ತಿದ್ದ ಡಿಸ್ಕ್ ಟಕ್ ಅಂತ ನಿಂತ್ಹೋಯ್ತು, ಎದೆ ಝಲ್ ಅಂತು. ಪಿಸಿ ಆಫ್ ಇದ್ದಾಗ ಮಾತ್ರ ಒತ್ತಿ ಸ್ವಾಮಿ. ನಾಲ್ಕಕ್ಕೂ ಕರೆಂಟ್ ಒಂದೇ ಕನೆಕ್ಟರ್‌ನಿಂದ ಬರೋದು, 3.5 ಇಂಚಿನ ಡಿಸ್ಕ್ ತಿರುಗೋಕೆ ಶುರು ಮಾಡುವಾಗ 12 ವೋಲ್ಟ್ ಲೈನಿಂದ ಸುಮಾರು 2 ಆಂಪ್ ಎಳೆಯುತ್ತೆ, ಹಾಗಾಗಿ ನಾಲ್ಕೂ ದೊಡ್ಡ ಡಿಸ್ಕ್ ಹಾಕೋ ಧೈರ್ಯ ನಾನಂತೂ ಮಾಡಲ್ಲ. ಬಟನ್ ಮೇಲೆ ನಂಬರೂ ಇಲ್ಲ, ಟೇಪ್ ಅಂಟಿಸಿ ಪೆನ್ನಲ್ಲಿ ಬರ್ಕೊಂಡಿದೀನಿ, ಮುದುಕನ ಬಟನ್ ಮೇಲೆ "ಬ್ಯಾಕಪ್, ಭಾನುವಾರ ಮಾತ್ರ" ಅಂತಿದೆ.