ಆರು ವರ್ಷ ಬಳಸಿದ ರೇಡ್ ಕಾರ್ಡ್, ಅದು ಸತ್ತ ಮೇಲೆ ಬರೆದ ವಿಮರ್ಶೆ

ಹಲವು ಡಿಸ್ಕುಗಳನ್ನು ಒಂದೇ ದೊಡ್ಡ ಡಿಸ್ಕಿನ ಹಾಗೆ ನಡೆಸುವ ಕಾರ್ಡ್ ಇದು. ಐದರಲ್ಲಿ ಮೂರು ಸ್ಟಾರ್. ಕಾರ್ಡ್ ಸತ್ತಿತು ಅಂತ ಎರಡು ಕಳೆದಿಲ್ಲ, ಆರು ವರ್ಷ ಹಗಲೂ ರಾತ್ರಿ ಓಡಿದೆ ಪಾಪ. ಯಾಕೆ ಕಳೆದೆ ಅನ್ನುವುದು ಮುಂದೆ ಬರುತ್ತದೆ.

4 ಟಿಬಿಯ ನಾಲ್ಕು ಸಾಟಾ ಡಿಸ್ಕ್, ರೇಡ್ 5 (ಒಂದು ಡಿಸ್ಕ್ ಹೋದರೂ ಡೇಟಾ ಉಳಿಯುವ ಜೋಡಣೆ, ಅದಕ್ಕೆ ಒಂದು ಡಿಸ್ಕಿನಷ್ಟು ಜಾಗ ಹೋಗುತ್ತದೆ), ಬಳಕೆಗೆ 12 ಟಿಬಿ. ಒಂದು ದಿನ ಸರ್ವರ್ ಗಕ್ಕನೆ ನಿಂತಿತು, ಮತ್ತೆ ಆನ್ ಮಾಡಿದರೆ ಕಾರ್ಡಿನ ಬಯಾಸ್ ಪರದೆಯೇ ಇಲ್ಲ. ಸ್ಲಾಟ್ ಬದಲಿಸಿದೆ, ಬೇರೆ ಮದರ್‌ಬೋರ್ಡಿಗೆ ಹಾಕಿದೆ, ಊಹೂಂ. ಡಿಸ್ಕುಗಳು ಆರಾಮಾಗಿ ತಿರುಗುತ್ತಿವೆ, ಆದರೆ ಡೇಟಾ ತುಂಡು ತುಂಡಾಗಿ ನಾಲ್ಕರಲ್ಲೂ ಹಂಚಿಹೋಗಿರುವುದರಿಂದ ಒಂದನ್ನೇ ಕಿತ್ತು ಇನ್ನೊಂದು ಕಂಪ್ಯೂಟರಿಗೆ ಹಾಕಿದರೆ ಏನೂ ಸಿಗುವುದಿಲ್ಲ.

ನನ್ನ ಪುಣ್ಯ, ಈ ಕಾರ್ಡ್ ಯಾವ ಡಿಸ್ಕ್ ಎಷ್ಟನೆಯದು, ಸ್ಟ್ರೈಪ್ ಅಂದರೆ ಆ ಡೇಟಾ ತುಂಡು ಎಷ್ಟು ದೊಡ್ಡದು ಅನ್ನುವುದನ್ನೆಲ್ಲ ಡಿಸ್ಕುಗಳ ಮೇಲೇ ಬರೆದಿಟ್ಟಿರುತ್ತದೆ. ಅದೇ ಮಾಡೆಲ್ ಹಳೆಯದೊಂದು ಸಿಕ್ಕಿತು. ತಕ್ಷಣ ಜೋಡಿಸಲು ಕೈ ತುರಿಸುತ್ತಿತ್ತು, ತಡೆದುಕೊಂಡೆ. ಡಿಸ್ಕುಗಳ ಮೇಲೆ ಮಾರ್ಕರಿನಲ್ಲಿ 0ಯಿಂದ 3ರವರೆಗೆ ನಂಬರ್ ಬರೆದು, ಒಂದೊಂದನ್ನೇ ಮದರ್‌ಬೋರ್ಡಿನ ಸಾಟಾ ಪೋರ್ಟಿಗೆ ಹಾಕಿ, ಡಿಡಿರೆಸ್ಕ್ಯೂ ಅನ್ನುವ ಕಾಪಿ ಸಾಫ್ಟ್‌ವೇರಿನಲ್ಲಿ 18 ಟಿಬಿ ಡಿಸ್ಕಿಗೆ ಪೂರ್ತಿ ಇಮೇಜ್, ಅಂದರೆ ಇದ್ದ ಹಾಗೇ ನಕಲು, ತೆಗೆದೆ. ಒಂದೂವರೆ ದಿನ ಹಿಡಿಯಿತು.

ಆಮೇಲೆ ಡಿಸ್ಕುಗಳನ್ನು ಜೋಡಿಸಿದರೆ ಆ ಎರಡನೇ ಕಾರ್ಡ್ 'ಫಾರಿನ್ ಕಾನ್ಫಿಗರೇಶನ್' ಅಂದಿತು. ಗಾಬರಿ ಬೇಡ, ಈ ಡಿಸ್ಕುಗಳು ಬೇರೆ ಕಾರ್ಡಿನಿಂದ ಬಂದಿವೆ ಅಂತ ಅಷ್ಟೇ. ಕೆಳಗೆ ಇಂಪೋರ್ಟ್, ಕ್ಲಿಯರ್ ಎರಡೂ ಪಕ್ಕಪಕ್ಕದಲ್ಲೇ ಇವೆ, ಆ ಕ್ಲಿಯರ್ ಒತ್ತಿದರೆ ಡಿಸ್ಕಿನ ಮೇಲಿನ ಆ ಮಾಹಿತಿಯೇ ಅಳಿಸಿಹೋಗುತ್ತದೆ. ಯಾರಪ್ಪ ಹೀಗೆ ಜೋಡಿಸಿದ್ದು!

ಪ್ರಿವ್ಯೂ ನೋಡಿದರೆ 2ನೇ ಡಿಸ್ಕ್ ಫೇಲ್ ಅಂತ ಇದೆ. ಆಮೇಲೆ ಸಿಸ್ಟಮ್ ಲಾಗ್ ತೆಗೆದಾಗ ಗೊತ್ತಾಯಿತು, ಅದು ಮೂರು ತಿಂಗಳ ಹಿಂದೆಯೇ ಅರೇಯಿಂದ (ಡಿಸ್ಕುಗಳ ಗುಂಪಿನಿಂದ) ಹೊರಗೆ ಬಿದ್ದಿತ್ತು. ಡಿಸ್ಕ್ ಬಿದ್ದರೆ ಮೇಲ್ ಕಳಿಸಬೇಕಿದ್ದ, ಕಾರ್ಡಿನ ಜೊತೆ ಬಂದ ಸಾಫ್ಟ್‌ವೇರ್ ಓಎಸ್ ಅಪ್‌ಗ್ರೇಡ್ ಆದ ಮೇಲೆ ಸುಮ್ನೆ ಕೆಲಸ ನಿಲ್ಲಿಸಿತ್ತು, ಒಂದು ಮೇಲ್ ಕೂಡ ಬಂದಿರಲಿಲ್ಲ. ಎರಡು ಸ್ಟಾರ್ ಹೋಗಿದ್ದು ಇಲ್ಲೇ. ಆ ಡಿಸ್ಕನ್ನು ಬಲವಂತವಾಗಿ ಆನ್‌ಲೈನ್ ಮಾಡಿದ್ದರೆ ಮೂರು ತಿಂಗಳ ಹಳೆಯ ತುಂಡುಗಳು ಹೊಸದರ ಜೊತೆ ಕಲಸಿ ಎಲ್ಲ ಚಿತ್ರಾನ್ನವಾಗುತ್ತಿತ್ತು. ಅದನ್ನು ಕಿತ್ತು ಪಕ್ಕಕ್ಕಿಟ್ಟು ಉಳಿದ ಮೂರನ್ನೇ ಇಂಪೋರ್ಟ್ ಮಾಡಿದೆ. ಹೋದ ಡಿಸ್ಕಿನ ಡೇಟಾವನ್ನು ಉಳಿದವುಗಳಿಂದ ಲೆಕ್ಕ ಹಾಕಿ ಕೊಡುವ ಪ್ಯಾರಿಟಿ ಇರುವುದೇ ಇದಕ್ಕಲ್ವಾ?

ಮೌಂಟ್ ಮಾಡುವಾಗ, ಅಂದರೆ ಫೈಲುಗಳು ಕಾಣುವಂತೆ ಸಿಸ್ಟಮಿಗೆ ಸೇರಿಸುವಾಗ, ಒಂದು ಎಚ್ಚರ. ಲಿನಕ್ಸಿನ ಇಎಕ್ಸ್‌ಟಿ4 ಫೈಲ್ ಸಿಸ್ಟಮ್ ಆದರೆ ರೀಡ್-ಓನ್ಲಿ ಅಂದರೂ ಅದು ಜರ್ನಲ್ ರಿಪ್ಲೇ ಮಾಡಿ (ಅರ್ಧಕ್ಕೆ ನಿಂತ ಬರಹಗಳನ್ನು ಮುಗಿಸಲು ಹೋಗಿ) ಡಿಸ್ಕಿಗೆ ಬರೆಯುತ್ತದೆ, 'ನೋಲೋಡ್' ಕೂಡ ಸೇರಿಸಬೇಕು. ಹಾಗೆ ಮಾಡಿ ಫೈಲುಗಳನ್ನೆಲ್ಲ ಬೇರೆ ಕಡೆಗೆ ಕಾಪಿ ಮಾಡಿಕೊಂಡೆ. ಹೋಗಿದ್ದು ಕೆಲವು ಫೈಲು ಮಾತ್ರ, ಸರ್ವರ್ ನಿಂತಾಗ ರೈಟ್-ಬ್ಯಾಕ್ ಕ್ಯಾಶಿನಲ್ಲಿದ್ದವು, ಅಂದರೆ ಇನ್ನೂ ಡಿಸ್ಕಿಗೆ ಇಳಿಯದೆ ಕಾರ್ಡಿನ ಮೆಮೊರಿಯಲ್ಲಿದ್ದವು. ಅದಕ್ಕೆ ಬ್ಯಾಟರಿ ಏನೋ ಇತ್ತು, ಆದರೆ ಕ್ಯಾಶ್ ಮೆಮೊರಿ ಸತ್ತ ಕಾರ್ಡಿಗೇ ಬೆಸೆದಿರುವಾಗ ಬ್ಯಾಟರಿ ಇಟ್ಟುಕೊಂಡು ಏನು ಮಾಡಲಿ?

ಈಗ ರೇಡ್ ಇಲ್ಲದ ಸಾದಾ ಎಚ್‌ಬಿಎ (ಡಿಸ್ಕುಗಳನ್ನು ಜೋಡಿಸುವುದಷ್ಟೇ ಮಾಡುವ ಕಾರ್ಡ್) ಹಾಕಿ, ರೇಡ್ ಕೆಲಸಕ್ಕೆ ಲಿನಕ್ಸಿನ ಎಂಡಿಎಡಿಎಂ ಸಾಫ್ಟ್‌ವೇರ್ ಬಳಸುತ್ತಿದ್ದೇನೆ. ಡಿಸ್ಕ್ ಬಿದ್ದರೆ ಮೇಲ್ ಬರುತ್ತದೆ, ಬೇಕೆಂದೇ ಒಂದರ ಕೇಬಲ್ ಕಿತ್ತು ನೋಡಿದ್ದೇನೆ. ಆ 18 ಟಿಬಿ ಡಿಸ್ಕ್ ಈಗ ಬ್ಯಾಕಪ್ ಡಿಸ್ಕ್. ಎರಡನೇ ಕಾರ್ಡ್ ಡಬ್ಬಿಯಲ್ಲಿದೆ, ಮಾರಲು ಮನಸ್ಸು ಬಂದಿಲ್ಲ.